ಮನೇಲೇ ಕಾರ್ ಪೇಂಟಿಂಗ್: ಕೆಂಪು ಮಾರುತಿ 800ಗೆ ಬಿಳಿ ರೂಫು, ಬಾನೆಟ್ ಮೇಲೆ ಎರಡು ಪಟ್ಟೆ, ಗೊತ್ತಿರೋರು ದಯವಿಟ್ಟು ಹೇಳಿ

ಬೆಣ್ಣೆನಗರಿ_800:

ನಮಸ್ಕಾರ ಎಲ್ರಿಗೂ. ಊರು ದಾವಣಗೆರೆ. ಮನೇಲಿ 2006ರ ಮಾರುತಿ 800 ಇದೆ, ಅಪ್ಪ ಶೋರೂಮಿಂದ ತಂದಿದ್ದು, ಕೆಂಪು. ಇಂಜಿನ್ ಬಗ್ಗೆ ಒಂದ್ ಮಾತು ಆಡೋ ಹಾಗಿಲ್ಲ, ಬಣ್ಣ ಮಾತ್ರ ಹೋಗಿದೆ. ಬಾಗಿಲುಗಳು ಪರ್ವಾಗಿಲ್ಲ, ಆದ್ರೆ ರೂಫು ಬಾನೆಟ್ಟು ಬಿಸಿಲಿಗೆ ಬಿಳಿಚಿಕೊಂಡು ಗುಲಾಬಿ ಆಗಿದೆ, ಬೆರಳು ಎಳೆದ್ರೆ ಪುಡಿ ಹತ್ತುತ್ತೆ.

ನನ್ನ ಆಸೆ ಏನಂದ್ರೆ ಮೈ ಕೆಂಪಾಗೇ ಇರ್ಲಿ, ರೂಫ್ ಬಿಳಿ ಮಾಡಿ ಬಾನೆಟ್ ಮೇಲೆ ಎರಡು ಬಿಳಿ ಪಟ್ಟೆ ಎಳೀಬೇಕು, ಹಳೇ ರ‍್ಯಾಲಿ ಕಾರ್ ಥರ. ಗ್ಯಾರೇಜಿಗೆ ಕೊಡೋ ಮನಸ್ಸಿಲ್ಲ, ದುಡ್ಡಿಗೋಸ್ಕರ ಅಲ್ಲ, ಈ ಕಾರಲ್ಲೇ ನಾನು ಗಾಡಿ ಓಡ್ಸೋದು ಕಲ್ತಿದ್ದು ಹಾಗಾಗಿ ನನ್ನ ಕೈಯಿಂದಾನೇ ಆಗ್ಬೇಕು ಅಂತ. ಹಿತ್ತಲಲ್ಲಿ ತಗಡಿನ ಶೆಡ್ ಇದೆ, ಮೂರು ಕಡೆ ಗೋಡೆ. ಒಂದು ಹೆಚ್‌ಪಿ ಕಂಪ್ರೆಸರ್ ತಮ್ಮನ ಹತ್ರ ಇದೆ. ಸ್ಪ್ರೇ ಡಬ್ಬದಲ್ಲೇ ಮುಗಿಯುತ್ತಾ ಇಲ್ಲ ಗನ್ ಬೇಕೇ ಬೇಕಾ, ಕೆಂಪಿನ ಮೇಲೆ ಬಿಳಿ ಕೂರುತ್ತಾ, ಆರ್‌ಟಿಓ ಕಡೆಯಿಂದ ಏನಾದ್ರೂ ತೊಂದ್ರೆ ಇದ್ಯಾ, ಯಾರಾದ್ರೂ ಮಾಡಿರೋರು ಸ್ವಲ್ಪ ವಿವರವಾಗಿ ಬರೀರಿ.

ಜಯನಗರ_ಆಲ್ಟೊ:

ಗುರು ರ‍್ಯಾಪ್ ಹಾಕ್ಸ್ಬಿಡು, ಅಂದ್ರೆ ಮೈಗೆ ಅಂಟಿಸೋ ಬಣ್ಣದ ವಿನೈಲ್ ಹಾಳೆ. ರೂಫ್ ಒಂದೇ ಆದ್ರೆ ಅರ್ಧ ದಿನದ ಕೆಲ್ಸ, ಬೇಡ ಅನ್ಸಿದ್ರೆ ಕಿತ್ತು ಹಾಕ್ಬಹುದು.

ಬೆಣ್ಣೆನಗರಿ_800:

ಅದನ್ನೂ ಯೋಚ್ನೆ ಮಾಡ್ದೆ ಬ್ರೋ, ಆದ್ರೆ ಪುಡಿ ಉದುರೋ ಪೇಂಟ್ ಮೇಲೆ ವಿನೈಲ್ ಅಂಟಲ್ಲ ಅಂತ ಅಂಗಡಿಯವರೇ ಹೇಳಿದ್ರು, ಮೊದ್ಲು ಪೇಂಟ್ ಸರಿ ಮಾಡ್ಸ್ಕೊಂಡ್ ಬನ್ನಿ ಅಂದ್ರು. ಅಷ್ಟ್ ಮಾಡಿದ್ಮೇಲೆ ಪೇಂಟೇ ಹೊಡೀಬಹುದಲ್ವಾ.

ಗೋಕುಲ್‌ರೋಡ್_ಪೇಂಟರ್:

ಅಂಗಡಿಯವರು ಖರೇ ಹೇಳ್ಯಾರ. ನಾನು ಹುಬ್ಬಳ್ಳ್ಯಾಗ ಪೇಂಟಿಂಗ್ ಕೆಲಸಾನ ಮಾಡ್ತೀನ್ರಿ, ಸಣ್ಣಾಂವ ಇದ್ದಾಗಿಂದ ಇದರಾಗ ಅದೀನಿ. ನೀವು ಕೇಳಿದ್ದರಾಗ ಭಾಳ ಮುಖ್ಯ ಪ್ರಶ್ನೆ ಅಂದ್ರ ಕೆಂಪಿನ ಮ್ಯಾಲೆ ಬಿಳಿ ಕುಂದರ್ತೈತೇನು ಅನ್ನೂದು, ಉಳದಿದ್ದೆಲ್ಲಾ ಆಮ್ಯಾಲೆ.

ಮೊದಲ ಒಂದು ಪರೀಕ್ಷೆ ಮಾಡ್ರಿ. ಒಂದು ಬಿಳಿ ಬನಿಯನ್ ಅರಿವಿಗೆ ಸ್ವಲ್ಪ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಬಾನೆಟ್ಟಿನ ಒಂದು ಮೂಲಿ ತಿಕ್ರಿ. ಅರಿವಿ ಕೆಂಪಾತಂದ್ರ ಅದು ಸಿಂಗಲ್ ಸ್ಟೇಜ್ ಪೇಂಟ್, ಮ್ಯಾಲೆ ಕ್ಲಿಯರ್ ಕೋಟ್ (ಬಣ್ಣ ಇಲ್ಲದ ಹೊಳಪಿನ ಪದರ) ಇಲ್ಲ ಅಂತ ಲೆಕ್ಕ. ನೀವು ಪುಡಿ ಬರ್ತೈತಿ ಅಂದದ್ದಕ್ಕ ನನಗ ಹಂಗ ಅನಸ್ತೈತಿ. ಹಂಗಿದ್ರ ಒಂದು ಛಲೋ ಸುದ್ದಿ ಒಂದು ಕೆಟ್ಟ ಸುದ್ದಿ. ಛಲೋ ಏನಂದ್ರ ಬಾಗಿಲಾ, ಫೆಂಡರ್, ಡಿಕ್ಕಿ ಇವಕ್ಕ ಪೇಂಟ್ ಬೇಕಾಗಿಲ್ಲ, ಸತ್ತ ಪದರ ತಗದು ಪಾಲಿಶ್ ಮಾಡಿದ್ರ ಕೆಳಗಿನ ಕೆಂಪು ತಿರುಗಿ ಎದ್ದು ಬರ್ತೈತಿ, ನೋಡಿ ನೀವ ದಂಗಾಗ್ತೀರಿ. ಕೆಟ್ಟದ್ದು ಏನಂದ್ರ ಹಳೇ ಕೆಂಪಿನಾಗ ಕೆಲವು ಪಿಗ್ಮೆಂಟ್ ಥಿನ್ನರ್ ತಾಗಿದ ಕೂಡ್ಲೇ ಕರಗಿ ಮ್ಯಾಲೆ ಏರ್ತಾವು. ನೀವು ಬಿಳಿ ಹೊಡೀತೀರಿ, ಒಂದು ತಾಸು ಚಂದ ಕಾಣ್ತೈತಿ, ಆಮ್ಯಾಲೆ ನೋಡಿದ್ರ ರೂಫ್ ತಿಳಿ ಗುಲಾಬಿ. ಇನ್ನೊಂದು ಕೋಟ್ ಬಿಳಿ ಹೊಡದ್ರ ಅದೂ ಗುಲಾಬಿ. ಎಷ್ಟು ಬಿಳಿ ಹಾಕಿದ್ರೂ ಅಷ್ಟ.

ಇದಕ್ಕ ಉಪಾಯ ಅಂದ್ರ ನಡುವ ಒಂದು ಗೋಡಿ ಕಟ್ಟೂದು. ಎಪಾಕ್ಸಿ ಪ್ರೈಮರ್ ಹೊಡದು ಪೂರಾ ಒಣಗಿಸಿ, ಅದರ ಮ್ಯಾಲೆ ಟೂ-ಕೆ ಸರ್ಫೇಸರ್ (ಹಾರ್ಡ್ನರ್ ಕಲಸಿ ಹೊಡಿಯೂ, ಮೈ ಸಮ ಮಾಡೂ ಪ್ರೈಮರ್), ಆಮ್ಯಾಲೆ ಬಿಳಿ. ಮೊದಲ ಅಂಗೈ ಅಗಲ ಜಾಗಾದಾಗ ಇಷ್ಟೂ ಮಾಡಿ ಒಂದು ರಾತ್ರಿ ಬಿಟ್ಟು ನೋಡ್ರಿ, ಬೆಳ್ಳಗ ಉಳದ್ರ ಮುಂದ ಹೋಗ್ರಿ. ಎನ್‌ಸಿ ಪ್ರೈಮರ್ (ನೈಟ್ರೊಸೆಲ್ಯುಲೋಸಿಂದು), ರೆಡ್ ಆಕ್ಸೈಡ್ ಇವನ್ನ ಹತ್ರ ತರಬ್ಯಾಡ್ರಿ, ಎನ್‌ಸಿ ಥಿನ್ನರ್ ಖಾರ ಇರ್ತೈತಿ, ಕೆಂಪನ್ನ ಎಬ್ಬಿಸೂದ ಅದು.

ಕುಡ್ಲದ_ಜಿಪ್ಸಿ:

ಗೋಕುಲ್ ರೋಡಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಂದು ತುಕ್ಕಿನ ವಿಷಯ. ನಮ್ಮ ಮಂಗಳೂರಲ್ಲಿ ಸಮುದ್ರದ ಗಾಳಿಗೆ ಇದು ದಿನಾ ನೋಡುವ ಸಂಗತಿ, ದಾವಣಗೆರೆಯಲ್ಲಿ ಕಮ್ಮಿ ಇರಬಹುದು, ಆದ್ರೂ 2006ರ ಗಾಡಿ ಅಲ್ವಾ ಮಾರಾಯ್ರೆ. 800ಗೆ ಮುಂದಿನ ಗ್ಲಾಸಿಗೆ ರಬ್ಬರ್ ಬೀಡಿಂಗ್ ಉಂಟಲ್ಲ, ಅದರ ಅಡಿಗೆ ನೀರು ನಿಂತು ತುಕ್ಕು ಹಿಡಿದಿರ್ತದೆ, ಹೊರಗೆ ಎಂತದೂ ಕಾಣುವುದಿಲ್ಲ. ರೂಫಿನ ಅಂಚಲ್ಲಿ ಪೇಂಟ್ ಸಣ್ಣ ಸಣ್ಣ ಗುಳ್ಳೆ ಎದ್ದಿದ್ರೆ ಅದರ ಮೇಲೆ ಪುಟ್ಟಿ ಬಳಿಲಿಕ್ಕೆ ಹೋಗ್ಬೇಡಿ, ಉಗುರಲ್ಲಿ ಕೆರೆದು ಒಳಗೆ ನೋಡಿ. ತುಕ್ಕು ಇದ್ರೆ ಹೊಳೆಯುವ ಲೋಹ ಬರುವ ತನಕ ತೆಗೀಲೇಬೇಕು.

ಬೀಡಿಂಗ್ ತೆಗೀದೆ ಮಾಸ್ಕ್ ಮಾಡುವುದಕ್ಕೆ ಒಂದು ದಾರಿ ಉಂಟು. ಬಟ್ಟೆ ಒಣಗಿಸುವ ದಪ್ಪದ ನೈಲಾನ್ ಹಗ್ಗ ತಗೊಳ್ಳಿ. ಬೀಡಿಂಗಿನ ತುಟಿಯನ್ನು ಪ್ಲಾಸ್ಟಿಕ್ ಚಮಚದ ಹಿಡಿಯಿಂದ ಮೆಲ್ಲ ಎತ್ತಿ ಹಗ್ಗವನ್ನು ಅದರ ಅಡಿಗೆ ಸುತ್ತ ಸೇರಿಸ್ತಾ ಹೋಗಿ. ರಬ್ಬರ್ ಎದ್ದು ನಿಲ್ತದೆ, ಆಗ ಪೇಂಟ್ ಬೀಡಿಂಗಿನ ಒಳಗಿನವರೆಗೂ ಹೋಗ್ತದೆ, ಒಣಗಿದ ಮೇಲೆ ಹಗ್ಗ ಎಳೆದ್ರೆ ತುಟಿ ಅದರ ಮೇಲೆ ಕೂತ್ಕೊಳ್ತದೆ. ಟೇಪ್ ಅಂಟಿಸಿ ಹೊಡೆದ್ರೆ ರಬ್ಬರಿನ ಪಕ್ಕ ಒಂದು ಗೆರೆ ಉಳಿದು ಮುಂದೆ ಅಲ್ಲಿಂದಲೇ ಸಿಪ್ಪೆ ಏಳುವುದು. ರಬ್ಬರ್ ತುಂಬ ಗಟ್ಟಿಯಾಗಿ ಬಿರುಕು ಬಿಟ್ಟಿದ್ರೆ ಮಾತ್ರ ಈ ಕೆಲಸ ಮಾಡ್ಬೇಡಿ, ಹರಿದು ಹೋಗ್ತದೆ, ಗ್ಲಾಸ್ ತೆಗೆಸಿ ಹೊಸ ಬೀಡಿಂಗ್ ಹಾಕಿಸುವುದೇ ಒಳ್ಳೆಯದು.

ಮತ್ತೆ ಮಳೆಗಾಲದಲ್ಲಿ ಮಾಡ್ಬೇಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ರೆ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ತೇವ ಅದರ ಮೇಲೆ ಕೂತು ಪೇಂಟ್ ಮಬ್ಬಾಗ್ತದೆ. ಡ್ಯೂಕೋ, ಅಂದ್ರೆ ಹಳೇ ನಮೂನೆಯ ಎನ್‌ಸಿ ಪೇಂಟ್, ಹೊಡೆಯುವವರಿಗೆ ಇದು ಚೆನ್ನಾಗಿ ಗೊತ್ತು. ಕಂಪ್ರೆಸರಿಗೆ ನೀರು ಹಿಡಿಯುವ ಫಿಲ್ಟರ್ ಹಾಕಿ, ಟ್ಯಾಂಕಿನ ಅಡಿಯ ಕೀಲಿ ಬಿಚ್ಚಿ ನೀರು ಖಾಲಿ ಮಾಡಿಯೇ ಶುರು ಮಾಡಿ.

ಪೀಣ್ಯ_ಸೇಫ್ಟಿ:

ಎಲ್ಲಾ ಚೆನ್ನಾಗಿ ಹೇಳ್ತಿದೀರ ಆದ್ರೆ ಇಷ್ಟು ಹೊತ್ತಾದ್ರೂ ಒಬ್ರೂ ಉಸಿರಿನ ಬಗ್ಗೆ ಮಾತಾಡಿಲ್ಲ, ಅದಕ್ಕೇ ಬರೀತಿದೀನಿ. ನಾನು ಕಾರ್ಖಾನೆ ಸುರಕ್ಷತೆ ಕೆಲಸದಲ್ಲಿರೋನು.

ಟೂ-ಕೆ ಅಂದ್ರೆ ಪೇಂಟು ಒಂದು ಡಬ್ಬ, ಹಾರ್ಡ್ನರ್ ಒಂದು ಡಬ್ಬ. ಆ ಹಾರ್ಡ್ನರಿನಲ್ಲಿ ಐಸೊಸಯನೇಟ್ ಅನ್ನೋ ರಾಸಾಯನಿಕ ಇರುತ್ತೆ. 1984ರಲ್ಲಿ ಭೋಪಾಲಲ್ಲಿ ಸೋರಿದ್ದು ಮೀಥೈಲ್ ಐಸೊಸಯನೇಟ್, ಇದು ಅದೇ ಅಲ್ಲ, ಅಷ್ಟು ಸುಲಭವಾಗಿ ಆವಿ ಆಗೋದೂ ಇಲ್ಲ, ಆದ್ರೆ ಕುಟುಂಬ ಅದೇ. ಡಬ್ಬದಲ್ಲಿದ್ದಾಗ ಇರೋ ಅಪಾಯಕ್ಕಿಂತ ಗನ್ನಲ್ಲಿ ಮಂಜಾಗಿ ಹಾರಿದಾಗ ಜಾಸ್ತಿ, ಆ ಮಂಜು ಸೀದಾ ಶ್ವಾಸಕೋಶಕ್ಕೆ ಹೋಗುತ್ತೆ. ಕೆಲವರಿಗೆ ಇದರಿಂದ ಅಸ್ತಮಾ ಬರುತ್ತೆ, ಒಂದ್ಸಲ ದೇಹ ಅದಕ್ಕೆ ತಿರುಗಿಬಿತ್ತು ಅಂದ್ರೆ ಆಮೇಲೆ ತೀರಾ ಸ್ವಲ್ಪ ತಾಗಿದ್ರೂ ಉಸಿರು ಕಟ್ಟುತ್ತೆ, ಜೀವನಪೂರ್ತಿ. ಚರ್ಮದ ಮೂಲಕವೂ ದೇಹ ತಿರುಗಿಬೀಳಬಹುದು. ವಾಸನೆ ನೋಡಿ ಎಚ್ಚರ ಆಗ್ತೀನಿ ಅಂದ್ಕೋಬೇಡಿ, ನಿಮಗೆ ಬರೋ ವಾಸನೆ ಥಿನ್ನರಿಂದು, ಐಸೊಸಯನೇಟ್ ಹಾನಿ ಮಾಡೋ ಮಟ್ಟದಲ್ಲಿದ್ರೂ ಮೂಗಿಗೆ ಗೊತ್ತಾಗಲ್ಲ.

ಕರವಸ್ತ್ರ ಕಟ್ಕೊಳ್ಳೋದು, ಕೊರೋನಾ ಟೈಮಿನ ಎನ್95, ಇವು ಆವಿಯನ್ನ ತಡೆಯಲ್ಲ. ಎನ್95 ಪುಟ್ಟಿ ಉಜ್ಜೋವಾಗಿನ ಧೂಳಿಗೆ ಸರಿ. ಥಿನ್ನರ್ ಆವಿಗೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರೋ ರಬ್ಬರ್ ಮಾಸ್ಕ್ ಬೇಕು, ಮುಂದೆ ಕಣಗಳ ಫಿಲ್ಟರ್ ಸೇರಿಸಿ. ಟೂ-ಕೆ ಹೊಡೆಯೋದಕ್ಕೆ ಮಾತ್ರ ಸರಿಯಾದ್ದು ಹೊರಗಿನ ಶುದ್ಧ ಗಾಳಿ ಪೈಪಲ್ಲಿ ಬರೋ ಮಾಸ್ಕು. ಮನೆ ಕಂಪ್ರೆಸರಿನ ಗಾಳಿಯನ್ನೇ ಉಸಿರಾಡ್ತೀನಿ ಅಂತ ಹೋಗಬೇಡಿ, ಅದರಲ್ಲಿ ಎಣ್ಣೆ ಇರುತ್ತೆ. ಪೂರ್ತಿ ತೋಳಿನ ಬಟ್ಟೆ, ನೈಟ್ರೈಲ್ ಗ್ಲೌಸ್, ಕಣ್ಣಿಗೆ ಕನ್ನಡಕ. ಮಕ್ಕಳು ಹಿರಿಯರು ಪಕ್ಕದ ರೂಮಲ್ಲೂ ಇರಬಾರದು. ಶೆಡ್ ಹತ್ರ ಗ್ಯಾಸ್ ಗೀಸರ್ ಇದ್ರೆ ಆರಿಸಿ, ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಹೋಗಿ ಕಿಡಿ ಹುಡುಕುತ್ತೆ.

ಸ್ಟುಟ್‌ಗಾರ್ಟ್_ಕನ್ನಡಿಗ:

ಪೀಣ್ಯದವರ ಮಾತಿಗೆ ಒಂದು ಸೇರಿಸ್ತೀನಿ. ಇಲ್ಲಿ ಯುರೋಪಲ್ಲಿ 2023ರ ಆಗಸ್ಟ್ 24ರಿಂದ ಡೈಐಸೊಸಯನೇಟ್ 0.1 ಪರ್ಸೆಂಟಿಗಿಂತ ಜಾಸ್ತಿ ಇರೋ ಸಾಮಾನು ವೃತ್ತಿಯಲ್ಲಿ ಬಳಸೋರು ಮೊದ್ಲು ತರಬೇತಿ ತಗೊಂಡಿರಲೇಬೇಕು ಅಂತ ಕಾನೂನಾಗಿದೆ. ದಿನಾ ಅದೇ ಕೆಲಸ ಮಾಡೋರಿಗೇ ಇಷ್ಟು ಕಟ್ಟು ಅಂದ್ರೆ ಹಿತ್ತಲಲ್ಲಿ ಮೊದಲನೇ ಸಲ ಮಾಡೋರು ಎಷ್ಟು ಜೋಪಾನವಾಗಿರಬೇಕು ಯೋಚ್ನೆ ಮಾಡಿ.

ಗೋಕುಲ್‌ರೋಡ್_ಪೇಂಟರ್:

ಪೀಣ್ಯ ಸರ್, ನೀವು ಬರದಿದ್ದು ಓದಿ ಸ್ವಲ್ಪ ಹೊತ್ತು ಸುಮ್ಮ ಕುಂತೆ. ನನಗ ಕೆಲಸಾ ಕಲಿಸಿದ ಉಸ್ತಾದರು ಈಗ ಎರಡು ಮೆಟ್ಲಾ ಹತ್ತಿದ್ರ ನಿಂತು ದಮ್ಮು ತಗೋತಾರ. ಆವಾಗ ಯಾರೂ ಹೇಳವರ ಇರಲಿಲ್ಲ, ಬಾಯಿಗೆ ಟವೆಲ್ ಸುತ್ಕೊಂಡು ದಿನಾ ಹೊಡದವರು ಅವರು. ನಮ್ಮಲ್ಲಿ ಈಗ ಹುಡುಗೂರಿಗೆ ಕಾರ್ಟ್ರಿಜ್ ಮಾಸ್ಕ್ ಕೊಡಿಸೇವಿ, ಗಾಳಿ ಪೈಪಿನ ಮಾಸ್ಕಿನ ಬಗ್ಗೆ ಮಾಲಕರ ಜೋಡಿ ಮಾತಾಡ್ತೀನಿ. ದಾವಣಗೆರಿ ಅಣ್ಣಾರ, ತಯಾರಿ ಪೂರಾ ಮನ್ಯಾಗ ಮಾಡ್ರಿ, ಟೂ-ಕೆ ಹೊಡಿಯೂ ದಿನ ಮಾತ್ರ ಬೂತ್ (ಪೇಂಟ್ ಹೊಡಿಯಾಕಂತನ ಮಾಡಿದ ಕೋಣಿ) ಇದ್ದಲ್ಲಿ ಹೋಗಿ ಹೊಡೀರಿ, ಬಾಡಗಿಗೆ ಕೊಡವರು ಇರ್ತಾರ. ಕೈ ನಿಮ್ಮದ ಇರ್ತೈತಲ್ಲ.

ಬೆಣ್ಣೆನಗರಿ_800:

ಪೀಣ್ಯ ಸರ್ ತುಂಬಾ ಧನ್ಯವಾದ, ಇದು ಇಷ್ಟು ಗಂಭೀರ ಅಂತ ಗೊತ್ತಿರ್ಲಿಲ್ಲ, ಮನೇಲಿ ಅಮ್ಮಂಗೆ ಮೊದ್ಲೇ ಅಲರ್ಜಿ ಇದೆ. ಬೂತ್ ಐಡಿಯಾ ಚೆನ್ನಾಗಿದೆ, ಹರಿಹರದಲ್ಲಿ ಪರಿಚಯದೋರ ಹತ್ರ ಇದೆ, ವಿಚಾರಿಸ್ತೀನಿ. ಅರಿವೆ ಪರೀಕ್ಷೆ ಮಾಡ್ದೆ ಪೇಂಟರ್ ಅಣ್ಣ, ಕುಂಕುಮದ ಹಾಗೆ ಕೆಂಪು ಬಂತು. ಬೀಡಿಂಗ್ ಹತ್ರ ಎಡಗಡೆ ಮೂಲೇಲಿ ಗುಳ್ಳೆನೂ ಸಿಕ್ತು.

ಹಳೇಪದ್ಮಿನಿ:

ನಾನು ಮೈಸೂರಲ್ಲಿ ಪ್ರೀಮಿಯರ್ ಪದ್ಮಿನಿ ಇಟ್ಕೊಂಡು ಅದರ ಪೇಂಟು ಪೂರ್ತಿ ಮನೇಲೇ ಮಾಡಿರೋನು, ಹವ್ಯಾಸ ಅಷ್ಟೇ. ಒಂದು ವಿಷಯಕ್ಕೆ ಒತ್ತು ಕೊಟ್ಟು ಹೇಳ್ತೀನಿ, ಪುಟ್ಟಿಯನ್ನ ನೀರು ಹಾಕಿ ಉಜ್ಜಬೇಡಿ ಸಾರ್. ಎಲ್ಲಾ ಗ್ಯಾರೇಜಲ್ಲೂ ಬಕೆಟ್ ಇಟ್ಕೊಂಡು ವಾಟರ್ ಪೇಪರಲ್ಲಿ ಪುಟ್ಟಿ ಉಜ್ಜೋದು ನೋಡ್ತೀವಿ. ಪಾಲಿಯೆಸ್ಟರ್ ಪುಟ್ಟಿ ನೀರು ಕುಡಿಯುತ್ತೆ, ಮೇಲೆ ಪ್ರೈಮರ್ ಹೊಡೆದು ಮುಚ್ಚಿದ್ರೆ ಆ ನೀರು ಒಳಗೇ ಕೂತು ತಗಡನ್ನ ತಿನ್ನುತ್ತೆ, ಆಮೇಲೆ ಬಿಸಿಲಿಗೆ ಗುಳ್ಳೆ ಬರುತ್ತೆ.

ಗೋಕುಲ್‌ರೋಡ್_ಪೇಂಟರ್:

ಸರ್ ನೀವು ಹೇಳೂದು ಪುಸ್ತಕದ ಪ್ರಕಾರ ಬರೋಬ್ಬರಿ ಐತಿ. ಆದ್ರ ನಾವು ನೀರು ಹಾಕೂದು ಯಾಕಂದ್ರ ಒಣಾ ಉಜ್ಜಿದ್ರ ಧೂಳು ಇಡೀ ಶೆಡ್ ತುಂಬ್ತೈತಿ, ಪೇಪರ್ ಲಗೂನ ಕಟ್ಟಿಕೊಂತೈತಿ. ಉಜ್ಜಿ ಆದ ಮ್ಯಾಲೆ ಬಿಸಲಾಗ ಬಿಟ್ಟು, ಹೀಟ್ ಗನ್ ತೋರ್ಸಿ ಒಣಗಿಸ್ತೀವಿ.

ಹಳೇಪದ್ಮಿನಿ:

ಒಣಗಿಸಿದ್ರೂ ತೂತುಗಳ ಒಳಗಿನ ತೇವ ಪೂರ್ತಿ ಹೋಯ್ತು ಅಂತ ಹೇಗೆ ಹೇಳ್ತೀರ ಅಣ್ಣ? ನಿಮಗೆ ದಿನಕ್ಕೆ ಇಷ್ಟು ಗಾಡಿ ಹೊರಗೆ ಹೋಗ್ಬೇಕು ಅನ್ನೋ ಒತ್ತಡ ಇರುತ್ತೆ, ಅದು ಅರ್ಥ ಆಗುತ್ತೆ. ಮನೇಲಿ ಮಾಡೋರಿಗೆ ಆ ಅವಸರ ಇಲ್ಲ, ಅದೇ ನಮಗಿರೋ ದೊಡ್ಡ ಅನುಕೂಲ. ಎನ್95 ಹಾಕ್ಕೊಂಡು 80ನೇ ನಂಬರ್ ಉಜ್ಜೋ ಪೇಪರಲ್ಲಿ ಶುರು ಮಾಡಿ, 180, ಕೊನೆಗೆ 320, ಎಲ್ಲಾ ಒಣಗೇ ಉಜ್ಜಿ. ಕೈ ಬೆರಳಲ್ಲಿ ಪೇಪರ್ ಒತ್ತಬೇಡಿ ಬೆರಳಿನ ಗುರುತೇ ಗಾಲಿ ಬಿದ್ದ ಹಾದಿ ಹಾಗೆ ತಗ್ಗಾಗಿ ಉಳಿಯುತ್ತೆ, ರಬ್ಬರ್ ಬ್ಲಾಕ್ ಬಳಸಿ. ನೀರು ಹಾಕೋದು ಸರ್ಫೇಸರ್ ಹೊಡೆದ ಮೇಲೆ, ಅದು ನೀರು ಕುಡಿಯಲ್ಲ.

ಗೋಕುಲ್‌ರೋಡ್_ಪೇಂಟರ್:

ಮನ್ಯಾಗ ಮಾಡವರಿಗೆ ಒಣಾ ಉಜ್ಜೂದ ಛಲೋ, ಅದಕ್ಕ ನಂದೂ ಒಪ್ಪಿಗಿ ಐತಿ. ಇನ್ನೊಂದು ಹೇಳ್ತೀನಿ, ಪುಟ್ಟಿಗೆ ಹಾರ್ಡ್ನರ್ ಪೇಸ್ಟ್ ಜಾಸ್ತಿ ಹಾಕಬ್ಯಾಡ್ರಿ, ನೂರು ಗ್ರಾಮಿಗೆ ಎರಡು ಗ್ರಾಮ ಸಾಕು. ಜಲ್ದಿ ಗಟ್ಟಿ ಆಗ್ಲಿ ಅಂತ ಹಾಕಿದ್ರ ಮ್ಯಾಲಿನ ಬಣ್ಣಕ್ಕ ಹಳದಿ ಕಲೆ ಎದ್ದು ಬರ್ತಾವು, ನಿಮ್ಮದಂತೂ ಬಿಳಿ.

ಬೆಣ್ಣೆನಗರಿ_800:

ಗೈಡ್ ಕೋಟ್ ಅಂದ್ರೇನು, ಎಲ್ಲಾ ಕಡೆ ಓದ್ತಿದೀನಿ, ಅದು ಬೇಕಾ?

ಹಳೇಪದ್ಮಿನಿ:

ಬೇಕೇ ಬೇಕು, ಮತ್ತೆ ಅದರಷ್ಟು ಅಗ್ಗದ ಗುರು ಇನ್ನೊಬ್ಬರಿಲ್ಲ. ಬೂದು ಸರ್ಫೇಸರ್ ಒಣಗಿದ ಮೇಲೆ ಅಗ್ಗದ ಕಪ್ಪು ಸ್ಪ್ರೇ ಡಬ್ಬ ತಗೊಂಡು ದೂರದಿಂದ ಕರೀ ಧೂಳು ಬಿದ್ದ ಹಾಗೆ ತೆಳ್ಳಗೆ ಚಿಮುಕಿಸಿ. ಆಮೇಲೆ 600ರ ವಾಟರ್ ಪೇಪರ್ ಬ್ಲಾಕಿಗೆ ಸುತ್ತಿ ಉದ್ದಕ್ಕೆ ಓಡಿಸಿ. ಎತ್ತರ ಇರೋ ಕಡೆ ಕಪ್ಪು ತಕ್ಷಣ ಹೋಗುತ್ತೆ, ತಗ್ಗಿರೋ ಕಡೆ ಉಳಿಯುತ್ತೆ. ಕಣ್ಣಿಗೆ ಕೈಗೆ ಯಾವುದಕ್ಕೂ ಗೊತ್ತಾಗದ ಡೆಂಟು ಅಲ್ಲಿ ಕಪ್ಪು ಮಚ್ಚೆಯಾಗಿ ಕೂತಿರುತ್ತೆ. ರೂಫ್ ಮಧ್ಯದಲ್ಲಿ, ಹುಡುಗರು ಕೈ ಊರಿರೋ ಕಡೆ, ಖಂಡಿತ ಒಂದೆರಡು ಸಿಗುತ್ತೆ ನೋಡಿ. ಅಂಚುಗಳ ಹತ್ರ ಮಾತ್ರ ಹುಷಾರು, ಅಲ್ಲಿ ಪೇಂಟ್ ತೆಳ್ಳಗಿರುತ್ತೆ ಎರಡು ಸಲ ಎಳೆದ್ರೆ ತಗಡು ಕಾಣುತ್ತೆ, ಅಂಚಿಗೆ ಟೇಪ್ ಅಂಟಿಸ್ಕೊಂಡು ಉಜ್ಜಿ ಕೊನೆಗೆ ಟೇಪ್ ತೆಗೆದು ಬರೀ ಸ್ಕ್ರಬರಲ್ಲಿ ಸವರಿ. ಗಾಡಿ ಕಂಪನಿಯಿಂದ ಬಂದಾಗ ಎಲ್ಲಾ ಪದರ ಸೇರಿ ಸುಮಾರು 100ರಿಂದ 130 ಮೈಕ್ರಾನ್ ಅಷ್ಟೇ, ಇಷ್ಟು ವರ್ಷದ ಪಾಲಿಶಲ್ಲಿ ಅದೂ ಸವೆದಿರುತ್ತೆ.

ಧಾರವಾಡ_ಡ್ರಾಯಿಂಗ್_ಟೀಚರ್:

ನಮಸ್ಕಾರ. ನಾನು ಹೈಸ್ಕೂಲ್ ಚಿತ್ರಕಲಾ ಶಿಕ್ಷಕಿ, ಸ್ಕೂಟರು, ಹೆಲ್ಮೆಟ್, ಒಂದು ಜೀಪಿನ ಬಾನೆಟ್ ಇಷ್ಟಕ್ಕೆ ಏರ್‌ಬ್ರಶ್ ಮತ್ತು ಪಟ್ಟೆ ಕೆಲಸ ಮಾಡೀನಿ. ಪಟ್ಟೆ ಬಗ್ಗೆ ಯಾರೂ ಬರದಿಲ್ಲ ಅದಕ್ಕ ಬರೀಲಿಕತ್ತೀನಿ. ನಿಮ್ಮ ಕಲ್ಪನೆ ಭಾಳ ಚಂದ ಐತಿ, 1964ರಾಗ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ ಮಿನಿ ಕೂಪರ್ ಎಸ್ ಕೂಡ ಕೆಂಪು ಮೈ, ಬಿಳಿ ರೂಫು, ಸಣ್ಣ ಗಾಡಿಗೆ ಈ ಜೋಡಿ ಒಪ್ಪತದ.

ಬಾನೆಟ್ ಚಪ್ಪಟೆ ಹಾಳಿ ಅಲ್ಲ ಅನ್ನೂದು ಮೊದಲ ತಲ್ಯಾಗ ಇಟ್ಕೋರಿ. ಮುಂದ ಸಣ್ಣದು, ಗ್ಲಾಸಿನ ಕಡೆ ಅಗಲ. ಎರಡೂ ಪಟ್ಟೆ ಸ್ಕೇಲಿನಿಂದ ಅಳದು ಒಂದೇ ಅಗಲ ಎಳದ್ರ, ಎದುರು ನಿಂತು ನೋಡಿದಾಗ ಮುಂದಿನ ತುದಿ ದಪ್ಪ ಕಾಣ್ತದ, ಗಾಡಿ ಮೂಗು ಊದಿದಂಗ. ಗ್ಲಾಸಿನ ಕಡೆಗಿಂತ ಮುಂದ ಸ್ವಲ್ಪ ಕಿರಿದು ಮಾಡ್ರಿ, ಎಷ್ಟು ಅನ್ನೂದು ಕಣ್ಣ ಹೇಳ್ಬೇಕು. ಅದಕ್ಕ ಮೊದಲ ಪೇಂಟಿಗೆ ಹೋಗೂದ ಬ್ಯಾಡ, ಬರೀ ಮಾಸ್ಕಿಂಗ್ ಟೇಪಿನಿಂದ ಪಟ್ಟೆ ಮಾಡಿ ಅಂಟಿಸಿ, ಇಪ್ಪತ್ತು ಹೆಜ್ಜಿ ಹಿಂದ ಹೋಗಿ ನೋಡ್ರಿ, ಮಾಳಗಿ ಮ್ಯಾಲಿಂದ ನೋಡ್ರಿ, ಫೋಟೋ ತಗೊಂಡು ಕನ್ನಡಿಯೊಳಗ ತಿರುಗಿಸಿ ನೋಡ್ರಿ. ಎರಡು ದಿನ ಹಂಗ ಬಿಟ್ಟು ಓಡಾಡುವಾಗ ನೋಡ್ರಿ. ನಡುವಿನ ಗೆರಿಗೆ ಬಾನೆಟ್ ಲಾಕಿನ ನಡುವಿನಿಂದ ವೈಪರ್ ಕಡೆ ದಾರ ಎಳೀರಿ, ನಂಬರ್ ಪ್ಲೇಟ್ ನೋಡಿ ನಡು ಹಿಡೀಬ್ಯಾಡ್ರಿ, ಅದು ಸೊಟ್ಟ ಇರಬಹುದು.

ಟೇಪ್ ಎರಡು ಬೇಕು. ಅಂಚಿಗೆ ಫೈನ್ ಲೈನ್ ಟೇಪ್, ನೀಲಿ ಇಲ್ಲಾ ಹಸಿರು ಪ್ಲಾಸ್ಟಿಕ್ಕಿಂದು, 3 ಎಂಎಂ ಅಥವಾ 6 ಎಂಎಂ. ಅದರ ಮ್ಯಾಲೆ ಸಾದಾ ಮಾಸ್ಕಿಂಗ್ ಟೇಪ್. ಬರೀ ಸಾದಾ ಕಾಗದದ ಟೇಪ್ ಹಚ್ಚಿದ್ರ ಅಂಚಿನ ಕೆಳಗ ಬಣ್ಣ ಹರದು ಹಲ್ಲು ಹಲ್ಲು ಆಗ್ತದ. ಟೇಪ್ ಅಂಟಿಸಿದ ಮ್ಯಾಲೆ ಉಗುರಿನಿಂದ ಅಂಚು ಉದ್ದಕ್ಕ ಒತ್ತಿ, ಮೊದಲ ಕೋಟ್ ಭಾಳ ತೆಳ್ಳಗ, ಒಣ ಅನ್ನೂ ಹಂಗ ಹೊಡೀರಿ, ಅದು ಅಂಚನ್ನ ಮುಚ್ಚತದ. ಉಳಿದ ಗಾಡಿ ಮುಚ್ಚಲಿಕ್ಕೆ ಹಳೇ ದಿನಪತ್ರಿಕೆ ಒಂದ ಪದರ ಹಾಕಬ್ಯಾಡ್ರಿ, ಥಿನ್ನರ್ ಅದರಾಗಿಂದ ಇಳೀತದ, ಕಾಗದದ ನಾರು ಹಾರಿ ಹಸೀ ಬಣ್ಣದ ಮ್ಯಾಲೆ ಕೂಡ್ತದ. ಟೇಪ್ ತಗಿಯೂದು ಕೊನೀ ಕೋಟ್ ಅಂಟಂಟು ಇದ್ದಾಗನ, ಪೂರಾ ಗಟ್ಟಿ ಆಗೂತನಕ ಕಾಯಬ್ಯಾಡ್ರಿ. ಟೇಪ್ ಮ್ಯಾಲಕ್ಕ ಎತ್ತಬ್ಯಾಡ್ರಿ, ಹಿಂದಕ್ಕ ಮಡಚಿ ಬಣ್ಣದಿಂದ ದೂರ, ಓರೆಯಾಗಿ, ನಿಧಾನ ಎಳೀರಿ. ಆ ಗೆರಿ ಸ್ವಚ್ಛ ಬಂದಾಗ ಆಗೂ ಖುಷಿ ಬ್ಯಾರೇನ ಇರ್ತದ, ಮಕ್ಕಳಿಗೆ ಕ್ಲಾಸಿನಾಗ ತೋರಿಸಿದಾಗ ಅವರೂ ಉಸಿರು ಬಿಗಿ ಹಿಡದು ನೋಡಿದ್ರು.

ಬೆಣ್ಣೆನಗರಿ_800:

ಮೇಡಂ ಇದು ಬಂಗಾರದಂಥ ಮಾಹಿತಿ. ಇವತ್ತೇ ಟೇಪ್ ಅಂಟಿಸಿ ನೋಡ್ತೀನಿ. ಗನ್ ಬಗ್ಗೆ ಯಾರಾದ್ರೂ ಹೇಳಿ, ನನ್ನ ಕಂಪ್ರೆಸರ್ ಸಾಕಾಗುತ್ತಾ?

ಹಳೇಪದ್ಮಿನಿ:

ಪಟ್ಟೆಗೆ ಸಾಕು, ರೂಫಿಗೆ ಸಾಕಾಗಲ್ಲ. ಹೆಚ್‌ವಿಎಲ್‌ಪಿ ಗನ್ನಿಗೆ (ಕಮ್ಮಿ ಒತ್ತಡದಲ್ಲಿ ಜಾಸ್ತಿ ಗಾಳಿ ಬಿಡೋ ಸ್ಪ್ರೇ ಗನ್) ಎಂಟು ಹತ್ತು ಸಿಎಫ್‌ಎಂ, ಅಂದ್ರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಬೇಕು, ಒಂದು ಹೆಚ್‌ಪಿ ಕಂಪ್ರೆಸರ್ ಅದರ ಅರ್ಧ ಕೊಡುತ್ತೆ, ರೂಫ್ ಅರ್ಧಕ್ಕೆ ಬರೋವಾಗ ಒತ್ತಡ ಬಿದ್ದು ಪೇಂಟ್ ಹನಿ ಹನಿಯಾಗಿ ಕಿತ್ತಳೆ ಸಿಪ್ಪೆ ಥರ ಆಗುತ್ತೆ. ಬೂತಲ್ಲಿ ದೊಡ್ಡ ಕಂಪ್ರೆಸರ್ ಇರುತ್ತೆ, ಅದೇ ಸರಿ. ಪ್ರೈಮರಿಗೆ 1.7 ಎಂಎಂ ನಾಝಲ್, ಬಿಳಿಗೆ 1.3 ಅಥವಾ 1.4. ಗನ್ನು ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ದೂರ ಇರ್ಲಿ, ಮಣಿಕಟ್ಟು ತಿರುಗಿಸದೆ ಇಡೀ ತೋಳು ಓಡಿಸಿ, ಒಂದು ಸಾಲಿನ ಅರ್ಧ ಮುಂದಿನ ಸಾಲು ಮುಚ್ಚಲಿ. ರೂಫ್ ಆದ್ರಿಂದ ಒಂದ್ ಕಡೆಯಿಂದ ಮಧ್ಯದವರೆಗೆ ಬಂದು ಆಚೆ ಕಡೆ ಹೋಗಿ ಅಲ್ಲಿಂದ ಮುಂದುವರಿಸ್ಬೇಕು, ಗಾಳಿ ಪೈಪು ಹಸೀ ಪೇಂಟಿಗೆ ತಾಗದ ಹಾಗೆ ಹೆಗಲ ಮೇಲೆ ಹಾಕ್ಕೊಳ್ಳಿ.

ಸ್ಪ್ರೇ ಡಬ್ಬ ಬೇಡ ಅಂತ ನನ್ನ ಅಭಿಪ್ರಾಯ. ಸಾದಾ ಡಬ್ಬದ ಪೇಂಟಿಗೆ ಹಾರ್ಡ್ನರ್ ಇರಲ್ಲ, ಪೆಟ್ರೋಲ್ ಹನಿ ಬಿದ್ರೆ ಕರಗುತ್ತೆ. ಸಾಲಿಡ್ ಬಿಳಿ ಟೂ-ಕೆ ತಗೊಳ್ಳಿ, ಅದಕ್ಕೆ ಮೇಲೆ ಕ್ಲಿಯರ್ ಬೇಡ, ತಾನೇ ಹೊಳೆಯುತ್ತೆ, ಮೆಟಾಲಿಕ್ ಥರ ಪಟ್ಟೆ ಪಟ್ಟೆ ಆಗೋ ಭಯ ಇಲ್ಲ. ಅಂಗಡೀಲಿ ಸುಪೀರಿಯರ್ ವೈಟ್, ಕೋಡ್ 26ಯು ಅಂತ ಕೇಳಿ, ಮಾರುತಿ ಬಿಳಿ ಅದು, ಮುಂದೆ ಟಚಪ್ ಮಾಡ್ಬೇಕಾದ್ರೂ ಸುಲಭವಾಗಿ ಸಿಗುತ್ತೆ.

ಮತ್ತೆ ಸೀದಾ ಕಾರಿನ ಮೇಲೆ ಶುರು ಮಾಡ್ಬೇಡಿ. ಗುಜರಿ ಅಂಗಡೀಲಿ ತೂಕಕ್ಕೆ ಒಂದು ಹಳೇ ಬಾನೆಟ್ ತಗೊಂಡು ಬನ್ನಿ, ಕೆಂಪಿದ್ರೆ ಇನ್ನೂ ಒಳ್ಳೇದು. ಅದರ ಮೇಲೆ ಇಷ್ಟೂ ಕೆಲ್ಸ ಮೊದಲಿಂದ ಕೊನೆವರೆಗೆ ಮಾಡಿ.

ಮಂಡ್ಯ_ಲಾಯರ್:

ಆರ್‌ಟಿಓ ಪ್ರಶ್ನೆಗೆ ಉತ್ತರ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ಆರ್‌ಸಿಲಿರೋ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರೋ ಹಾಗೆ ಬದಲಾವಣೆ ಮಾಡೋ ಹಾಗಿಲ್ಲ, ಮಾಡಿದ ಬದಲಾವಣೆಯನ್ನ 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಬಣ್ಣ ಆರ್‌ಸಿಲಿ ನಮೂದಾಗಿರುತ್ತೆ. ನಿಮ್ಮ ಗಾಡಿ ಮುಖ್ಯ ಬಣ್ಣ ಕೆಂಪಾಗೇ ಉಳಿಯುತ್ತೆ, ಆದ್ರೂ ರೂಫ್ ಬೇರೆ ಬಣ್ಣ ಆಗ್ತಿರೋದ್ರಿಂದ ಮೊದ್ಲೇ ನಿಮ್ಮ ಆರ್‌ಟಿಓ ಕಚೇರಿಗೆ ಹೋಗಿ ಬರವಣಿಗೆಯಲ್ಲಿ ಕೇಳಿ, ವಿಮೆ ಕಂಪನಿಗೂ ಒಂದು ಪತ್ರ ಹಾಕಿ. ಇಡೀ ಗಾಡಿ ಬಣ್ಣ ಬದಲಾಯಿಸೋರು ಮಾತ್ರ ಅನುಮತಿ ಇಲ್ಲದೆ ಬ್ರಶ್ ಮುಟ್ಟಬಾರದು. ಇನ್ನೊಂದು, ಜೀಪ್ ಇರೋರು ಗಮನಿಸಿ, ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆ ಗಾಡಿಗಳಿಗೆ ಮಾತ್ರ.

ಬೆಣ್ಣೆನಗರಿ_800:

ಅಪ್ಡೇಟ್ ಹಾಕ್ತಿದೀನಿ. ಆರ್‌ಟಿಓಗೆ ಹೋಗಿ ಅರ್ಜಿ ಕೊಟ್ಟು ಮಾತಾಡ್ಕೊಂಡು ಬಂದೆ, ವಿಮೆಯವರಿಗೂ ಮೇಲ್ ಹಾಕ್ದೆ. ಗುಜರಿಯಿಂದ ತಂದ ಬಾನೆಟ್ಟಲ್ಲಿ ಎರಡು ಭಾಗ ಮಾಡಿ ಒಂದು ಕಡೆ ಎಪಾಕ್ಸಿ ಹಾಕಿ ಬಿಳಿ, ಇನ್ನೊಂದು ಕಡೆ ಎಪಾಕ್ಸಿ ಇಲ್ದೆ ಬಿಳಿ ಹೊಡೆದು ನೋಡಿದೆ. ಪೇಂಟರ್ ಅಣ್ಣ ಹೇಳಿದ್ದು ಅಕ್ಷರಶಃ ನಿಜ, ಎಪಾಕ್ಸಿ ಇಲ್ದೇ ಇರೋ ಕಡೆ ಬೆಳಿಗ್ಗೆ ನೋಡಿದ್ರೆ ಸ್ಟ್ರಾಬೆರಿ ಐಸ್‌ಕ್ರೀಮ್ ಬಣ್ಣ, ಪಕ್ಕದಲ್ಲಿ ಎಪಾಕ್ಸಿ ಮೇಲಿನ ಬಿಳಿ ಹಾಲಿನಷ್ಟು ಬಿಳಿ, ಮಧ್ಯೆ ಟೇಪಿನ ಗೆರೆ ಹಾಗೇ ಇದೆ. ಈ ಪ್ಯಾನೆಲ್ ಎಸೆಯಲ್ಲ, ಶೆಡ್ ಗೋಡೆಗೆ ನೇತು ಹಾಕಿದೀನಿ, ಕೇಳೋರಿಗೆಲ್ಲ ತೋರಿಸ್ತೀನಿ.

ಎಡ ಮೂಲೆ ತುಕ್ಕು ಕೆರೆದೆ, ಪುಣ್ಯಕ್ಕೆ ತೂತಾಗಿಲ್ಲ. ಹಗ್ಗದ ಉಪಾಯ ಚೆನ್ನಾಗಿ ಕೆಲಸ ಮಾಡ್ತು. ಗೈಡ್ ಕೋಟಲ್ಲಿ ರೂಫ್ ಹಿಂಭಾಗ ಅಂಗೈಯಷ್ಟು ಕಪ್ಪು ಮಚ್ಚೆ ಸಿಕ್ತು, ಹಳೇಪದ್ಮಿನಿಯವರು ಹೇಳಿದ ಹಾಗೇನೇ. ಬಾಗಿಲುಗಳಿಗೆ ರಬ್ಬಿಂಗ್ ಮುಗೀತು, ಅಪ್ಪ ಬಂದು ನೋಡಿ ಹೊಸ ಪೇಂಟ್ ಯಾವಾಗ ಹೊಡೆದೆ ಅಂತ ಕೇಳಿದ್ರು.

ಗೋಕುಲ್‌ರೋಡ್_ಪೇಂಟರ್:

ಹೇಳಿದ್ನಲ್ಲರಿ, ಹಳೇ ಕೆಂಪಿನಾಗ ಜೀವ ಇರ್ತೈತಿ ಅಂತ. ಬೂತಿಗೆ ಒಯ್ಯೂ ಮೊದಲ ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಪಾಲಿಶ್ ಏನೂ ಹಚ್ಚಬ್ಯಾಡ್ರಿ. ಅದರಾಗಿನ ಸಿಲಿಕೋನ್ ಒಂದು ಚೂರು ಕೂತ್ರ ಪೇಂಟ್ ಅಲ್ಲಿಂದ ಸರದು ಗುಂಡ ಗುಂಡ ತಗ್ಗು ಬೀಳ್ತಾವು, ಫಿಶ್ ಐ ಅಂತೀವಿ. ಒರಸೂದಕ್ಕ ಸೀಮೆಎಣ್ಣಿ ಬ್ಯಾಡ, ವ್ಯಾಕ್ಸ್ ಗ್ರೀಸ್ ರಿಮೂವರ್ ತಗೊಂಡು ಒಂದು ಅರಿವಿ ಹಸೀದು, ಹಿಂದಿಂದ ಒಂದು ಅರಿವಿ ಒಣಾದು.

ಬೆಣ್ಣೆನಗರಿ_800:

ಆಯ್ತು ಸ್ನೇಹಿತರೆ, ಮುಗೀತು. ಹರಿಹರದ ಬೂತಲ್ಲಿ ಗಾಳಿ ಪೈಪಿನ ಮಾಸ್ಕ್ ಹಾಕ್ಕೊಂಡು ನಾನೇ ಹೊಡೆದೆ, ಪಕ್ಕದಲ್ಲಿ ಅವರು ನಿಂತು ನೋಡ್ತಿದ್ರು. ರೂಫ್ ಬೆಳ್ಳಗೆ ಕೂತಿದೆ. ಪಟ್ಟೆ ಟೇಪ್ ಎಳೆಯೋವಾಗ ಮೇಡಂ ಹೇಳಿದ ಹಾಗೆ ಹಿಂದಕ್ಕೆ ಮಡಚಿ ಓರೆಯಾಗಿ ಎಳೆದೆ, ಬ್ಲೇಡಲ್ಲಿ ಕೊಯ್ದ ಹಾಗೆ ಬಂತು ಗೆರೆ, ಬೂತಿನವರೇ ಚಪ್ಪಾಳೆ ತಟ್ಟಿದ್ರು. ಮೇಡಂ, ಮುಂದೆ ಕಿರಿದು ಮಾಡಿದ್ದು ಎಷ್ಟು ವ್ಯತ್ಯಾಸ ಅಂದ್ರೆ ಮಾತಲ್ಲಿ ಹೇಳೋಕಾಗಲ್ಲ. ಫೋಟೋ ಸಂಜೆ ಹಾಕ್ತೀನಿ.

ಇನ್ನೆರಡು ಪ್ರಶ್ನೆ. ಮುಂದಿನ ವಾರ ಆಯುಧ ಪೂಜೆ, ಅರಿಶಿನ ಕುಂಕುಮ ಹಚ್ಬಹುದಾ? ಮತ್ತೆ ಉಳಿದ ಹಾರ್ಡ್ನರ್ ಹೇಗೆ ಇಡೋದು?

ಹಳೇಪದ್ಮಿನಿ:

ಅಭಿನಂದನೆ ಸಾರ್, ತುಂಬಾ ಸಂತೋಷ ಆಯ್ತು. ಪೂಜೆ ಖಂಡಿತ ಮಾಡಿ, ಆದ್ರೆ ಹೊಸ ಬಿಳಿ ಪೇಂಟ್ ಮೇಲೆ ಅರಿಶಿನ ಕುಂಕುಮ ಬೇಡ, ಪೇಂಟ್ ಒಳಗಿನ ಥಿನ್ನರ್ ಪೂರ್ತಿ ಆರೋಕೆ ವಾರಗಳೇ ಬೇಕು, ಅಲ್ಲಿವರೆಗೆ ಬಣ್ಣ ಒಳಗೆ ಇಳಿಯುತ್ತೆ. ಅರಿಶಿನ ಬಿಸಿಲಿಗೆ ಹೋಗುತ್ತೆ, ಕುಂಕುಮದ ಕಲೆ ಹೋಗಲ್ಲ. ನಂಬರ್ ಪ್ಲೇಟ್ ಪಕ್ಕ ಬಂಪರ್ ಮೇಲೆ, ಗ್ಲಾಸಿನ ಮೇಲೆ ಹಚ್ಚಿ. ವ್ಯಾಕ್ಸ್ ಕೂಡ ಒಂದೆರಡು ತಿಂಗಳು ಬೇಡ, ಬರೀ ನೀರಲ್ಲಿ ತೊಳೀರಿ. ಹೊಂಗೆ ಮರದ ಕೆಳಗೆ ನಿಲ್ಲಿಸ್ಬೇಡಿ, ಹಕ್ಕಿ ಹಿಕ್ಕೆ ಬಿದ್ರೆ ಆಗ್ಲೇ ಒದ್ದೆ ಬಟ್ಟೆ ಇಟ್ಟು ನೆನೆಸಿ ತೆಗೀರಿ.

ಪೀಣ್ಯ_ಸೇಫ್ಟಿ:

ಹಾರ್ಡ್ನರ್ ಬಗ್ಗೆ: ಗಾಳಿಯ ತೇವ ತಾಗಿದ್ರೇ ಅದು ಹಾಳಾಗುತ್ತೆ, ಡಬ್ಬದ ಬಾಯಿ ಒರೆಸಿ ಬಿಗಿಯಾಗಿ ಮುಚ್ಚಿ ತಂಪಾದ ಒಣ ಜಾಗದಲ್ಲಿಡಿ, ಮಕ್ಕಳ ಕೈಗೆ ಸಿಗಬಾರದು. ನೀರು ಸೇರಿದೆ ಅಂತ ಅನುಮಾನ ಇದ್ರೆ ಬಿಗಿಯಾಗಿ ಮುಚ್ಚಬೇಡಿ, ಒಳಗೆ ಗ್ಯಾಸ್ ಆಗಿ ಡಬ್ಬ ಉಬ್ಬುತ್ತೆ. ಪೇಂಟ್ ಜೊತೆ ಕಲಸಿ ಉಳಿದಿದ್ದನ್ನ ತೆರೆದ ಡಬ್ಬದಲ್ಲಿ ಹೊರಗಿಟ್ಟು ಕಲ್ಲಾಗೋಕೆ ಬಿಡಿ, ಚರಂಡಿಗೆ ಸುರೀಬೇಡಿ. ಥಿನ್ನರ್ ಒರೆಸಿದ ಬಟ್ಟೆಗಳನ್ನ ಉಂಡೆ ಕಟ್ಟಿ ಮೂಲೆಗೆ ಹಾಕದೆ ಬಯಲಲ್ಲಿ ಹರವಿ ಒಣಗಿಸಿ.

ಶಿವಮೊಗ್ಗ_ಆಲ್ಟೊ:

ಇಡೀ ಚರ್ಚೆ ಓದ್ದೆ, ನಂಗೂ ಧೈರ್ಯ ಬಂತು. ನಂದು ಆಲ್ಟೊ, ಮುಂದಿನ ಬಂಪರ್ ಕಪ್ಪು ಮಾಡ್ಬೇಕು, ಪ್ಲಾಸ್ಟಿಕ್ಕಿಗೂ ಇದೇ ಎಪಾಕ್ಸಿ ಸಾಕಾ?

ಗೋಕುಲ್‌ರೋಡ್_ಪೇಂಟರ್:

ಸಾಲೂದಿಲ್ಲರಿ. ಬಂಪರಿಗೆ ಮೊದಲ ಪ್ಲಾಸ್ಟಿಕ್ ಪ್ರೈಮರ್ ಬೇಕು, ಪಿಪಿ ಪ್ರೈಮರ್ ಅಂತ ಕೇಳ್ರಿ, ಇಲ್ಲಾಂದ್ರ ಪ್ರೆಷರ್ ವಾಶ್‌ನಾಗ ಹಾಳಿ ಎದ್ದಂಗ ಏಳ್ತೈತಿ. ಬಂಪರ್ ಕಂಪನಿ ಪೇಂಟ್ ಐತೋ ಇಲ್ಲಾ ಬರೀ ಕರೀ ಪ್ಲಾಸ್ಟಿಕ್ ಐತೋ, ಫೋಟೋ ಹಾಕ್ರಿ, ಆಮ್ಯಾಲೆ ಮುಂದಿಂದು ಹೇಳ್ತೀನಿ.